ಪೆಂಗ್ವಿನ್ ಫೋಟೋ ಯಾಕಿಲ್ಲ ಅಂತ ಕೇಳಿದ್ರಲ್ಲ ಅತ್ತಿಗೆ

ಅತ್ತಿಗೆ, ನೀವು ನಿನ್ನೆ ರಾತ್ರಿ ಗ್ರೂಪಿನಲ್ಲಿ ಕೇಳಿದ್ದನ್ನು ಬೆಳಿಗ್ಗೆ ನೋಡಿದೆ. "ನ್ಯೂಜಿಲೆಂಡ್ ಫೋಟೋ ಅಷ್ಟೊಂದು ಹಾಕಿದ್ದೀಯ, ಪೆಂಗ್ವಿನ್‌ದು ಒಂದೂ ಇಲ್ಲ. ನೋಡಲೇ ಇಲ್ವಾ? ಡಿಸೆಂಬರ್‌ನಲ್ಲಿ ನಾನೂ ನಿಮ್ಮಣ್ಣನೂ ಹೋಗೋಣ ಅಂತ ಇದ್ದೀವಿ" ಅಂತ ಕೇಳಿದ್ದೀರಿ. ಅದರ ಕೆಳಗೇ ಚಿಕ್ಕಪ್ಪ, "ಅಷ್ಟು ದೂರ ಹೋಗಿ ಬರೀ ಹಕ್ಕಿ ನೋಡಿದ್ರಾ, ಹುಲಿ ಆನೆ ಏನೂ ಇಲ್ವಾ ಅಲ್ಲಿ" ಅಂದಿದ್ದಾರೆ. ಇಬ್ಬರಿಗೂ ಸೇರಿಸಿಯೇ ಹೇಳುತ್ತೇನೆ. ಉದ್ದ ಆಗುತ್ತದೆ, ಅಡುಗೆ ಮಾಡುತ್ತಲೇ ಕೇಳಿ.

ಪೆಂಗ್ವಿನ್ ನೋಡಿದೆವು ಅತ್ತಿಗೆ. ಕಣ್ತುಂಬ ನೋಡಿದೆವು. ಫೋಟೋ ಯಾಕಿಲ್ಲ ಅನ್ನೋದನ್ನ ಆಮೇಲೆ ಹೇಳುತ್ತೇನೆ, ಮೊದಲು ಚಿಕ್ಕಪ್ಪನಿಗೆ ಉತ್ತರ ಕೊಡಬೇಕು.

ಚಿಕ್ಕಪ್ಪ, ಅಲ್ಲಿ ಹುಲಿ ಇಲ್ಲ, ಆನೆ ಇಲ್ಲ, ನರಿ ಇಲ್ಲ, ನೆಲದ ಮೇಲೆ ಹಾವೂ ಇಲ್ಲ. ಮರಿಗೆ ಹಾಲು ಕುಡಿಸುವ ಪ್ರಾಣಿಗಳಲ್ಲಿ ಆ ನೆಲಕ್ಕೆ ಸೇರಿದ್ದು ಅಂದರೆ ಬಾವಲಿ ಮಾತ್ರ. ಉಳಿದದ್ದೆಲ್ಲ ಸಮುದ್ರದ್ದು. ಹಿಡಿದು ತಿನ್ನುವವರು ನೆಲದಲ್ಲಿ ಯಾರೂ ಇರಲಿಲ್ಲವಲ್ಲ, ಅದಕ್ಕೇ ಎಷ್ಟೋ ಹಕ್ಕಿಗಳು ಹಾರುವುದನ್ನೇ ಬಿಟ್ಟವು. ನೆಲದ ಮೇಲೇ ಗೂಡು, ನೆಲದ ಮೇಲೇ ಮರಿ. ಆಮೇಲೆ ಮನುಷ್ಯರು ಬಂದರು, ಅವರ ಹಿಂದೆ ಇಲಿ, ಬೆಕ್ಕು ಬಂದವು. ಮೊಲ ತಂದು ಬಿಟ್ಟರು. ಮೊಲ ಮಿತಿಮೀರಿತು ಅಂತ 1880ರ ದಶಕದಲ್ಲಿ ಸ್ಟೋಟ್ ಅನ್ನುವ ಪ್ರಾಣಿ ತಂದು ಬಿಟ್ಟರು. ನೋಡಲು ನಮ್ಮ ಮುಂಗುಸಿಯ ಹಾಗೆ, ಅದಕ್ಕಿಂತ ಸಣ್ಣದು. ಅದು ಮೊಲಕ್ಕಿಂತ ಸುಲಭವಾಗಿ ಸಿಗುವ ಮೊಟ್ಟೆ, ಮರಿಗಳಿಗೇ ಬಾಯಿ ಹಾಕಿತು. ಎಷ್ಟೋ ಜಾತಿಯ ಹಕ್ಕಿಗಳು ಈಗ ಇಲ್ಲವೇ ಇಲ್ಲ. ಕಾಡಿನ ದಾರಿಯಲ್ಲಿ ನಡೆಯುವಾಗ ಬದಿಯಲ್ಲಿ ಅಲ್ಲಲ್ಲಿ ಸಣ್ಣ ಮರದ ಪೆಟ್ಟಿಗೆ ಕಾಣುತ್ತಿತ್ತು. ಜೇನುಪೆಟ್ಟಿಗೆ ಇರಬೇಕು ಅಂದುಕೊಂಡಿದ್ದೆ. ಸ್ಟೋಟ್, ಇಲಿ ಹಿಡಿಯುವ ಬೋನು ಅಂತ ಮಗ ಹೇಳಿದ. ಊರಿನ ಜನರೇ ರಜಾ ದಿನ ಬಂದು ಬೋನು ನೋಡಿ ಹೋಗುತ್ತಾರಂತೆ.

ಇದು ಗೊತ್ತಾದ ಮೇಲೆ ವಿಮಾನ ನಿಲ್ದಾಣದಲ್ಲಿ ಆದದ್ದೂ ಅರ್ಥವಾಯಿತು. ತಿನ್ನುವ ಪದಾರ್ಥ ಏನೇ ಇದ್ದರೂ ಫಾರ್ಮ್‌ನಲ್ಲಿ ಬರೆಯಬೇಕು. ನಾನು ಚಟ್ನಿಪುಡಿ, ಹಪ್ಪಳ ಎಲ್ಲ ಬರೆದಿದ್ದೆ, ತೆಗೆದು ನೋಡಿ ಬಿಟ್ಟರು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ಆದರೆ ಇವರ ಶೂ ನೋಡಿ ನಿಲ್ಲಿಸಿದರು. ಅಡಿಯಲ್ಲಿ ನಮ್ಮ ತೋಟದ ಕೆಂಪು ಮಣ್ಣು ಒಣಗಿ ಕೂತಿತ್ತು. ಆ ಹುಡುಗಿ ಬೈಯಲಿಲ್ಲ. ಒಳಗೆ ತೆಗೆದುಕೊಂಡು ಹೋಗಿ, ತೊಳೆದು, ಒರೆಸಿ ತಂದುಕೊಟ್ಟಳು. ಆ ಮಣ್ಣಿನಲ್ಲಿ ಒಂದು ಬೀಜ, ಒಂದು ರೋಗ ಬಂದರೂ ಅವರ ಕಾಡಿಗೆ ಕಷ್ಟ, ಅಲ್ವಾ? ಅಡಿಕೆಗೆ ರೋಗ ಬಂದು ತೋಟ ಕಳೆದುಕೊಂಡವರನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ಅತ್ತಿಗೆ, ನೀವು ಹೊರಡುವ ಮೊದಲೇ ಶೂ ತೊಳೆದಿಡಿ.

ಮಗ ಸೊಸೆ ಇರುವುದು ಕ್ರೈಸ್ಟ್‌ಚರ್ಚ್‌ನಲ್ಲಿ. ಅವರಿಗೆ ರಜೆ ಇರಲಿಲ್ಲ. ಹಾಗಾಗಿ ಹತ್ತು ದಿನ ನಾವಿಬ್ಬರೇ ಬಾಡಿಗೆ ಕಾರು ತೆಗೆದುಕೊಂಡು ಹೋದೆವು. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಓಡಿಸುವುದು, ಇವರಿಗೆ ಕಷ್ಟವಾಗಲಿಲ್ಲ. ಮೂವತ್ತಾರು ವರ್ಷದ ಸಂಸಾರದಲ್ಲಿ ನಾವಿಬ್ಬರೇ ಇಷ್ಟು ದಿನ ಎಲ್ಲೂ ಹೋಗಿರಲಿಲ್ಲ.

ಮೊಯೆರಾಕಿ ಅನ್ನುವ ಕಡೆ ಮರಳಿನ ಮೇಲೆ ಉರುಟಾದ ಬಂಡೆಗಳು, ಕೆಲವು ಮನುಷ್ಯರಷ್ಟು ಎತ್ತರ. ಅದನ್ನು ಫೋಟೋದಲ್ಲಿ ನೋಡಿದ್ದೀರಿ. ಬೆಟ್ಟಗಳ ನಡುವೆ ಸಮುದ್ರ ಒಳಗೆ ಚಾಚಿಕೊಂಡಿರುವ ಮಿಲ್ಫರ್ಡ್ ಸೌಂಡ್‌ದೂ ನೋಡಿದ್ದೀರಿ. ಅಲ್ಲಿ ವರ್ಷಕ್ಕೆ 6 ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆಗುಂಬೆ ಮಳೆ ನೋಡಿದ ನಮಗೇ ದೋಣಿಯಲ್ಲಿ ಕೂತು ಸುಮ್ಮನೆ ನೋಡುವ ಹಾಗಾಯಿತು. ನೀರಿನಿಂದ ನೆಟ್ಟಗೆ ಎದ್ದು ನಿಂತ 1,692 ಮೀಟರ್ ಎತ್ತರದ ಮೈಟರ್ ಪೀಕ್, ಎಲ್ಲಿ ನೋಡಿದರೂ ಬಂಡೆಯ ಮೇಲಿಂದ ಇಳಿಯುವ ನೀರು. ಮಳೆ ಬಂತು ಅಂತ ಬೇಜಾರು ಮಾಡಿಕೊಳ್ಳಬೇಡಿ ಅತ್ತಿಗೆ, ಅಲ್ಲಿ ಮಳೆ ಬಂದರೇ ಚೆಂದ.

ಮಿಲ್ಫರ್ಡ್‌ಗೆ ಹೋಗುವ ದಾರಿಯಲ್ಲಿ ಬಂಡೆ ಕೊರೆದು ಮಾಡಿದ ಹೋಮರ್ ಸುರಂಗ ಇದೆ. ಸಿಗ್ನಲ್‌ಗೆ ಕಾಯುತ್ತಾ ಕಾರಿನಲ್ಲಿ ಕೂತಿದ್ದಾಗ ಬಾನೆಟ್ ಮೇಲೆ ದಪ್ ಅಂತ ಒಂದು ಹಕ್ಕಿ ಇಳಿಯಿತು. ಕಿಯಾ. ಹಿಮ ಬೀಳುವ ಬೆಟ್ಟದಲ್ಲಿ ಬದುಕುವ ಗಿಳಿ ಅದು. ಪಾಚಿ ಹಸಿರು ಮೈ, ನಮ್ಮ ಗಿಳಿಗಿಂತ ತುಂಬಾ ದೊಡ್ಡದು. ಗಾಜಿನ ಹತ್ತಿರ ಬಂದು, ತಲೆ ಓರೆ ಮಾಡಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ಆಮೇಲೆ ವೈಪರ್‌ನ ರಬ್ಬರ್ ಎಳೆಯಲು ಶುರು. ಹಾರಿಹೋದಾಗ ರೆಕ್ಕೆಯ ಅಡಿಯಲ್ಲಿ ಕೆಂಡದ ಬಣ್ಣ! ನನ್ನ ಹತ್ತಿರ ಬಿಸ್ಕತ್ತು ಇತ್ತು, ಕೊಡಲಿಲ್ಲ. ಕೊಡಬಾರದು ಅಂತ ಬೋರ್ಡೇ ಇದೆ. ರಸ್ತೆಬದಿಯ ಅನ್ನದ ಆಸೆಗೆ ಬಂದು ಕಾರಿಗೆ ಸಿಕ್ಕಿ ಸಾಯುತ್ತವೆ. ಇವು ಕುರಿಗಳನ್ನು ಕುಕ್ಕುತ್ತವೆ ಅಂತ ಹಿಂದೆ ಸರ್ಕಾರವೇ ಕೊಂದವರಿಗೆ ದುಡ್ಡು ಕೊಡುತ್ತಿತ್ತಂತೆ. ನೂರು ವರ್ಷದಲ್ಲಿ ಸುಮಾರು ಒಂದೂವರೆ ಲಕ್ಷ ಕಿಯಾ ಸತ್ತವು. ಪೂರ್ತಿ ರಕ್ಷಣೆ ಸಿಕ್ಕಿದ್ದು 1986ರಲ್ಲಿ. ಅಷ್ಟು ಕೊಂದ ಮೇಲೂ ಅದು ನಮ್ಮನ್ನು ನೋಡಲು ಬಂದು ಕೂರುತ್ತದಲ್ಲ, ನನಗೆ ಅದೇ ತಡೆಯಲಾಗಲಿಲ್ಲ.

ಈಗ ಆಲ್ಬಟ್ರಾಸ್ ಅನ್ನುವ ದೊಡ್ಡ ಕಡಲಹಕ್ಕಿ. ಇದನ್ನು ಬಿಡಬೇಡಿ ಅತ್ತಿಗೆ, ದುಡ್ಡು ಖರ್ಚಾದರೂ ಪರವಾಗಿಲ್ಲ. ಡ್ಯೂನೆಡಿನ್ ಊರಿನ ಹತ್ತಿರ ಸಮುದ್ರಕ್ಕೆ ಚಾಚಿದ ಟೈಯರೋವಾ ಹೆಡ್ ಅಂತ ಒಂದು ತುದಿ ಇದೆ. ರಾಯಲ್ ಆಲ್ಬಟ್ರಾಸ್ ಸಾಮಾನ್ಯವಾಗಿ ಮನುಷ್ಯರಿಲ್ಲದ ದ್ವೀಪಗಳಲ್ಲಿ ಮೊಟ್ಟೆ ಇಡುವ ಹಕ್ಕಿ. ಇಲ್ಲಿ ಮಾತ್ರ ಜನ ಇರುವ ನೆಲದಲ್ಲಿ ಗೂಡು ಮಾಡಿದೆ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಸುಮಾರು 3 ಮೀಟರ್. ನಮ್ಮ ಜಗುಲಿಯ ಅಗಲವನ್ನು ನೆನಪಿಸಿಕೊಳ್ಳಿ.

ಮೊದಮೊದಲು ಇಲ್ಲಿ ಮೊಟ್ಟೆ ಉಳಿಯುತ್ತಿರಲಿಲ್ಲ. ಜನ ತೆಗೆದುಕೊಂಡು ಹೋಗುತ್ತಿದ್ದರು, ನಾಯಿ ಬೆಕ್ಕು ಬಿಡುತ್ತಿರಲಿಲ್ಲ. ಲ್ಯಾನ್ಸ್ ರಿಚ್‌ಡೇಲ್ ಅಂತ ಒಬ್ಬರು ಮೇಷ್ಟ್ರು, ಶಾಲೆಗಳಿಗೆ ಹೋಗಿ ಬೇಸಾಯ, ಪ್ರಕೃತಿ ಪಾಠ ಹೇಳಿಕೊಡುತ್ತಿದ್ದವರು, ಗುಡ್ಡದ ಮೇಲೆ ಟೆಂಟ್ ಹಾಕಿಕೊಂಡು ಕೂತು ಒಂದು ಮರಿಯನ್ನು ಕಾದರು. 1938ರಲ್ಲಿ ಆ ಮರಿ ಹಾರಿತು. ಅಲ್ಲಿಂದ ಹಾರಿದ ಮೊದಲ ಮರಿ ಅದು. ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿದವಳು ನಾನು. ಆ ಮೇಷ್ಟ್ರ ಕಥೆ ಕೇಳಿ ಗಂಟಲು ಕಟ್ಟಿತು. ಅವರು 1937ರಲ್ಲಿ ಕಾಲಿಗೆ ಗುರುತಿನ ಬಳೆ ಹಾಕಿದ ಒಂದು ಹೆಣ್ಣು ಹಕ್ಕಿಗೆ 'ಗ್ರಾಂಡ್‌ಮಾ' ಅಂತಲೇ ಹೆಸರು. 1989ರವರೆಗೂ ಮರಿ ಮಾಡಿತಂತೆ. ಅರವತ್ತು ದಾಟಿದ ಅಜ್ಜಿ!

ಒಂದು ಜೋಡಿ ಎರಡು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಸುಮಾರು 80 ದಿನ ಗಂಡೂ ಹೆಣ್ಣೂ ಸರದಿ ಪ್ರಕಾರ ಕಾವು ಕೊಡುತ್ತವೆ. ಒಂದು ಕೂತರೆ ಇನ್ನೊಂದು ಸಮುದ್ರಕ್ಕೆ. ನಾವು ಹೋದದ್ದು ಜನವರಿ. ಗಾಜಿನ ಹಿಂದೆ ಕೂತು ನೋಡುವಾಗ ಒಂದು ಹಕ್ಕಿ ಹುಲ್ಲಿನಲ್ಲಿ ಅಲ್ಲಾಡದೆ ಕೂತಿತ್ತು. ಗಾಳಿ ಇಲ್ಲದಿದ್ದರೆ ಅವಕ್ಕೆ ಹಾರುವುದು ಕಷ್ಟ. ಹಾಗಾಗಿ ನಾವೂ ಗಾಳಿಗೆ ಕಾದೆವು. ಗಾಳಿ ಎದ್ದಾಗ ಸಮುದ್ರದ ಕಡೆಯಿಂದ ಅದರ ಜೊತೆಗಾರ ಬಂತು. ರೆಕ್ಕೆ ಬಡಿಯಲೇ ಇಲ್ಲ. ಗಾಜಿನ ಎದುರಿಗೆ ಹಾದು ಹೋಯಿತು, ಕಣ್ಣು ಕಾಣುವಷ್ಟು ಹತ್ತಿರ. ಇಳಿದ ಮೇಲೆ ಎರಡೂ ಕೊಕ್ಕಿಗೆ ಕೊಕ್ಕು ತಾಗಿಸಿ ಎಷ್ಟೋ ಹೊತ್ತು ಏನೋ ಹೇಳಿಕೊಂಡವು. ಇವರು ನನ್ನ ಕೈ ಹಿಡಿದಿದ್ದರು. ಇವರ ಸ್ವಭಾವ ನಿಮಗೆ ಗೊತ್ತಲ್ಲ, ನಾಲ್ಕು ಜನರ ಮುಂದೆ ಹಾಗೆಲ್ಲ ಮಾಡುವವರಲ್ಲ.

ಕೈಕೌರಾದಲ್ಲಿ ಸ್ಪರ್ಮ್ ತಿಮಿಂಗಿಲವನ್ನೂ ನೋಡಿದೆವು. ದಡದ ಹತ್ತಿರವೇ ಸಮುದ್ರ ಸಾವಿರ ಮೀಟರ್‌ಗೂ ಜಾಸ್ತಿ ಆಳಕ್ಕೆ ಇಳಿಯುತ್ತದೆ, ಅದಕ್ಕೇ ಅವು ಅಲ್ಲಿ ಬರುತ್ತವೆ. ದೋಣಿಯವರು ನೀರಿಗೆ ಮೈಕ್ ಇಳಿಸಿ ಅದರ ಟಕ್ ಟಕ್ ಶಬ್ದ ಕೇಳಿ ಎಲ್ಲಿ ಏಳುತ್ತದೆ ಅಂತ ಹೇಳುತ್ತಾರೆ. ಹತ್ತು ನಿಮಿಷ ಉಸಿರಾಡಿ, ಬಾಲ ಎತ್ತಿ, ಕೆಳಗೆ ಹೋಯಿತು. ದೋಣಿ ತುಂಬಾ ಅಲ್ಲಾಡುತ್ತದೆ, ಅಣ್ಣನಿಗೆ ವಾಂತಿ ಮಾತ್ರೆ ಮೊದಲೇ ಕೊಡಿ.

ಪೆಂಗ್ವಿನ್ ವಿಷಯಕ್ಕೆ ಬಂದೆ. ಒಮರು ಅಂತ ಬಿಳಿ ಸುಣ್ಣಕಲ್ಲಿನ ಕಟ್ಟಡಗಳ ಹಳೇ ಊರು. ಬಂದರಿನ ಪಕ್ಕದಲ್ಲಿ ಹಿಂದೆ ಕಲ್ಲು ಒಡೆಯುತ್ತಿದ್ದ ಕ್ವಾರಿ. ಕ್ವಾರಿ ಬಿಟ್ಟ ಮೇಲೆ ಪೆಂಗ್ವಿನ್‌ಗಳು ಬಂದು ಸೇರಿಕೊಂಡವು. ಊರಿನವರು ಓಡಿಸಲಿಲ್ಲ. ಮರದ ಪೆಟ್ಟಿಗೆ ಮಾಡಿ ಗೂಡಿಗೆ ಇಟ್ಟರು. ಲೋಕದಲ್ಲೇ ಅತಿ ಸಣ್ಣ ಪೆಂಗ್ವಿನ್ ಇದು, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಎತ್ತರ, ಒಂದು ಕೆಜಿ ತೂಕ. ನೀಲಿ ಬೆನ್ನು. ಅಲ್ಲಿನ ಮೂಲನಿವಾಸಿಗಳ ಮಾವೋರಿ ಭಾಷೆಯಲ್ಲಿ ಕೊರೊರಾ.

ಹಗಲೆಲ್ಲ ಸಮುದ್ರದಲ್ಲಿ ಮೀನು ಹಿಡಿದು ಕತ್ತಲಾದ ಮೇಲೆ ಮನೆಗೆ ಬರುತ್ತವೆ. ನಾವು ಮೆಟ್ಟಿಲ ಮೇಲೆ ಕೂತು ಕಾಯಬೇಕು. ಫೋಟೋ, ವಿಡಿಯೋ ಏನೂ ತೆಗೆಯುವ ಹಾಗಿಲ್ಲ. ಫ್ಲ್ಯಾಶ್ ಹಾಕಿದರೆ ಹೆದರಿ ವಾಪಸ್ ನೀರಿಗೆ ಹೋಗುತ್ತವೆ, ಗೂಡಿನಲ್ಲಿ ಮರಿ ಹಸಿದಿರುತ್ತದೆ. ಅದಕ್ಕೇ ಅತ್ತಿಗೆ ಫೋಟೋ ಇಲ್ಲ. ನೂರಾರು ಜನ ಕೂತಿದ್ದರೂ ಒಂದು ಫೋನಿನ ಬೆಳಕಿಲ್ಲ, ಒಂದು ಮಾತಿಲ್ಲ. ನಾಗರಹೊಳೆಯಲ್ಲಿ ಒಂದು ಹುಲಿಯ ಹಿಂದೆ ಜೀಪುಗಳೆಲ್ಲ ಸೇರಿ ಕೂಗಾಡಿದ್ದನ್ನು ನೆನೆದು ಸಂಕಟವಾಯಿತು.

ಮೊದಲು ನೀರಿನ ಮೇಲೆ ಕಪ್ಪಗೆ ಒಂದು ಗುಂಪು ತೇಲಿ ಬಂತು. ಅಲೆ ಅವನ್ನು ಕಲ್ಲಿನ ಮೇಲೆ ಎಸೆಯಿತು. ಎದ್ದವು, ಒಂದಕ್ಕೊಂದು ಕಾದವು, ಸಾಲಾಗಿ ದಡ ಹತ್ತಿದವು. ಹೊಟ್ಟೆ ತುಂಬಿ ಭಾರವಾದ ನಡಿಗೆ. ಬಯಲು ಜಾಗ ಬಂದಾಗ ನಿಂತು, ಆ ಕಡೆ ಈ ಕಡೆ ನೋಡಿ, ಒಟ್ಟಿಗೇ ಓಡಿದವು. ಗೂಡುಗಳ ಒಳಗಿಂದ ಕೂಗು ಕೇಳುತ್ತಿತ್ತು. ಎಂಬತ್ತರವರೆಗೆ ಎಣಿಸಿ ಬಿಟ್ಟೆ. ಎಲ್ಲ ಮುಗಿಯಿತು ಅನ್ನುವಾಗ ಒಂದೇ ಒಂದು ಕೊನೆಗೆ ಬಂತು. ಅಲೆಗೆ ಎರಡು ಸಲ ಜಾರಿ ಬಿತ್ತು. ಮೂರನೇ ಸಲ ಹತ್ತಿತು. ಪಕ್ಕದಲ್ಲಿ ಕೂತಿದ್ದ ಪರಿಚಯವಿಲ್ಲದ ಅಜ್ಜಿಯೂ ನಾನೂ ಒಟ್ಟಿಗೇ ಉಸಿರು ಬಿಟ್ಟೆವು.

ಹೊರಗೆ ಬಂದಾಗ ಹನ್ನೊಂದು ಗಂಟೆ ಹತ್ತಿರ, ಕೊರೆಯುವ ಗಾಳಿ. ಕಾರು ತೆಗೆಯುವ ಮೊದಲು ಅಡಿಯಲ್ಲಿ ನೋಡಿ ಅಂತ ಬೋರ್ಡ್ ಇದೆ. ಇವರಿಗೆ ಮಂಡಿ ನೋವು, ಗೊತ್ತಲ್ಲ, ದೇವರ ಮನೆಯಲ್ಲೂ ಕುರ್ಚಿ ಹಾಕಿಕೊಂಡೇ ಕೂರುವುದು. ನಾನು ನೋಡುತ್ತೇನೆ ಅನ್ನುವಷ್ಟರಲ್ಲಿ ನೆಲಕ್ಕೆ ಕೈ ಊರಿ ಬಗ್ಗಿಬಿಟ್ಟರು. "ಒಂದಿದೆ ಕಣೇ" ಅಂದರು, ಪಿಸುಮಾತಿನಲ್ಲಿ. ಹಿಂದಿನ ಚಕ್ರದ ಪಕ್ಕ ನಿಂತಿತ್ತು. ನಾವು ದೂರ ಸರಿದು ಗೋಡೆಗೆ ಒರಗಿ ನಿಂತೆವು. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಇವರ ಕೋಟು ನನ್ನ ಮೇಲಿತ್ತು, ಫೋನು ಇವರ ಜೇಬಿನಲ್ಲೇ ಇತ್ತು. ಆಮೇಲೆ ಅದು ಹೊರಬಂದು, ರೆಕ್ಕೆ ಕೊಡವಿ, ರಸ್ತೆ ದಾಟಿ, ಬೇಲಿಯ ಸಂದಿಯಲ್ಲಿ ಹೋಯಿತು.

ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಮೇಲೆ ಅತ್ತಿಗೆ, ಅದಕ್ಕೆ ಆ ರಾತ್ರಿ ಒಮರುವಿನಲ್ಲೇ ರೂಮ್ ಮಾಡಿ. ಬೇಸಿಗೆ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ. ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಕೊನೆಯ ಹತ್ತಿರದವರೆಗೆ ಗೂಡು ಮಾಡಿ ಮೊಟ್ಟೆ ಇಡುವ ಕಾಲ ಅಂತ ಆಲ್ಬಟ್ರಾಸ್ ನೋಡುವ ಜಾಗ ಮುಚ್ಚಿರುತ್ತದೆ, ಡಿಸೆಂಬರ್‌ಗೆ ತೆರೆದಿರುತ್ತದೆ, ಟಿಕೆಟ್ ಮೊದಲೇ ಮಾಡಿಸಿ. ಉಳಿದದ್ದು ರಾತ್ರಿ ಊಟ ಆದ ಮೇಲೆ ಫೋನ್ ಮಾಡಿ, ಅಣ್ಣನಿಗೂ ಹೇಳುತ್ತೇನೆ.