ಜುಲೈ ಮಳೇಲಿ 320 ಚೀಲ ರೋಬಸ್ಟಾ ಕಾಫಿ: ಕಂಟೇನರ್ ಇಲ್ಲೇ ತುಂಬೋದಾ, ಮಂಗಳೂರಲ್ಲಾ?

ಪ್ರಶ್ನೆ (ಚಿಕ್ಕಮಗಳೂರು): 60 ಕೆಜಿಯ 320 ಚೀಲ ರೋಬಸ್ಟಾ ಇಟಲಿಗೆ ಹೋಗ್ಬೇಕು. ಇಪ್ಪತ್ತಡಿ ಬಾಕ್ಸ್ (ಕಂಟೇನರ್) ಗೋಡೌನಿಗೇ ತರಿಸಿ ತುಂಬೋದಾ, ಲಾರೀಲಿ ಮಂಗಳೂರಿಗೆ ಕಳಿಸಿ ಅಲ್ಲಿ ತುಂಬಿಸೋದಾ? ಮಾಡಿರೋರು ಹೇಳಿ.

ಹಾಸನ, ಕ್ಯೂರಿಂಗ್: ನಾವು ಇಲ್ಲೇ ತುಂಬೋದು. ಮಂಗಳೂರಲ್ಲಾದ್ರೆ ಎರಡೆರಡು ಸಲ ಹಮಾಲಿ, ಎರಡೆರಡು ಸಲ ಕೊಕ್ಕೆ, ಹರಿದ ಚೀಲ ಹೊಲಿಯೋರಿಲ್ಲ. ಬಾಕ್ಸ್ ಬಂದ ಕೂಡ್ಲೇ ಒಬ್ಬರನ್ನ ಒಳಗೆ ನಿಲ್ಲಿಸಿ ಬಾಗಿಲು ಹಾಕಿ. ಸೂಜಿಮೊನೆಯಷ್ಟು ಬೆಳಕು ಕಂಡ್ರೂ ವಾಪಸ್ ಕಳಿಸಿ. ನೆಲದ ಪ್ಲೈವುಡ್ಡಿಗೆ ಮಾಯಿಶ್ಚರ್ ಮೀಟರ್ ಚುಚ್ಚಿ, ತೇವ 18% ದಾಟಿದ್ರೆ ಬೇಡ. ಯಾರ್ಡಲ್ಲಿ (ಖಾಲಿ ಬಾಕ್ಸ್ ಇಡೋ ಜಾಗ) ತೊಳೆದ ಬಾಕ್ಸಿನ ನೆಲ ಮೇಲ್ಗಡೆ ಒಣಗಿರುತ್ತೆ, ಒಳಗೆ ಹಸಿ. ಗೋಡೆಗೆ, ಬಾಗಿಲಿಗೆ ಕ್ರಾಫ್ಟ್ ಪೇಪರ್ (ದಪ್ಪ ಕಂದು ಕಾಗದ) ಹಾಕಿ; ಚೀಲದ ಮೇಲೂ ಒಂದು ಪದರ.

ಮಂಗಳೂರು, ಕ್ಲಿಯರಿಂಗ್: ಖರ್ಚು ಬಿಟ್ಟು ಸಲಹೆ ಕೊಟ್ರೆ ಹೇಗೆ ಸ್ವಾಮಿ? ಖಾಲಿ ಬಾಕ್ಸ್ ಘಾಟಿ ಹತ್ತಿಸೋ ಬಾಡಿಗೇನೂ ನಿಮ್ಮದೇ. ಯಾರ್ಡಿಂದ ಎತ್ತಿದ ದಿನದಿಂದ ಡಿಟೆನ್ಷನ್ (ಬಾಕ್ಸ್ ಇಟ್ಕೊಂಡ ದಿನಗಳ) ಲೆಕ್ಕ ಶುರು. ಶಿರಾಡಿಯಲ್ಲಿ ಗುಡ್ಡ ಕುಸೀತು ಅನ್ಕೊಳ್ಳಿ, ಚಾರ್ಮಾಡಿಯಲ್ಲಿ ಟ್ರೇಲರ್ ಬಿಡಲ್ಲ. ಕಟಾಫ್ (ಹಡಗಿಗೆ ಬಾಕ್ಸ್ ಒಪ್ಪಿಸೋ ಕೊನೇ ಗಡುವು) ತಪ್ಪುತ್ತೆ, ಫ್ರೀ ಡೇಸ್ (ಬಾಡಿಗೆ ಇಲ್ಲದ ದಿನಗಳು) ಮುಗಿದ ಮೇಲೆ ಡಾಲರಲ್ಲಿ ಕಟ್ಟಬೇಕು. ಚೀಲದ ಲಾರಿ ನಿಂತ್ರೆ ಬರೀ ಹಾಲ್ಟಿಂಗ್, ಅಂದ್ರೆ ಲಾರಿ ಕಾಯೋ ಬಾಡಿಗೆ.

ಹಾಸನ, ಕ್ಯೂರಿಂಗ್: ಟಾರ್ಪಾಲಿನಡಿ ನೆಂದ ಚೀಲಕ್ಕೆ ಯಾರು ಜವಾಬ್ದಾರಿ? 19.2 ಟನ್ ಕಾಫೀಲಿ 11% ತೇವ ಅಂದ್ರೆ 2,112 ಲೀಟರ್ ನೀರು ಆಗಲೇ ಬಾಕ್ಸೊಳಗಿದೆ. ರಾತ್ರಿ ಸೂರಿನ ತಗಡು ತಣ್ಣಗಾದ್ರೆ ಅದೇ ಹಬೆ ಹನಿಯಾಗಿ ಮೇಲಿನ ಸಾಲಿಗೆ ಬೀಳುತ್ತೆ, ಬೂಷ್ಟು ಅಲ್ಲಿಂದ್ಲೇ ಹಿಡಿಯೋದು. ನೆಂದ ಗೋಣಿ ಇನ್ನೂ ಸೇರಿದ್ರೆ ಕೇಳೋದೇ ಬೇಡ.

ಸಕಲೇಶಪುರ, ಎಕ್ಸ್‌ಪೋರ್ಟ್: ಇಬ್ರೂ ಗೋಣಿಗೇ ಜೋತುಬಿದ್ದಿದ್ದೀರಿ. ಬಲ್ಕ್ ಲೈನರ್ (ಬಾಕ್ಸೊಳಗೆ ಪೂರ್ತಿ ಹಾಸೋ ದೊಡ್ಡ ಚೀಲ) ಹಾಕಿ, ಬಿಡಿ ಕಾಫೀನ ಬ್ಲೋವರಲ್ಲಿ ತುಂಬಿ, ಅದೇ ಬಾಕ್ಸಲ್ಲಿ 21 ಟನ್ ಹೋಗುತ್ತೆ.

ಮಂಗಳೂರು, ಕ್ಲಿಯರಿಂಗ್: ಅವರು ಕೇಳಿದ್ದು ಚೀಲದ ವಿಷಯ. ಬಲ್ಕ್ ಇಳಿಸೋಕೆ ಆ ಕಡೆ ಬಾಕ್ಸನ್ನೇ ಓರೆ ಎತ್ತೋ ವ್ಯವಸ್ಥೆ ಬೇಕು. ಬಾಗಿಲ ಕಡೆ ಲೈನರ್ ತಡೆದು ಹಿಡಿಯೋ ಕಂಬಿ ಸರಿಯಾಗಿ ಕೂರದೆ ಲೈನರ್ ಉಬ್ಬಿದ್ರೆ ಬಾಗಿಲು ತೆಗೆಯೋನ ಜೀವಕ್ಕೇ ಅಪಾಯ.

ಸಕಲೇಶಪುರ, ಎಕ್ಸ್‌ಪೋರ್ಟ್: ಕಂಬಿ ಕೂರಿಸೋಕೆ ಬರದೋರ ಮಾತು ಇದು.

ಹಾಸನ, ವೇಬ್ರಿಡ್ಜ್: ಜಗಳದಲ್ಲಿ ತೂಕಾನೇ ಮರೆತ್ರಿ. 2016ರ ಜುಲೈ 1ರಿಂದ ವಿಜಿಎಂ (ತುಂಬಿದ ಬಾಕ್ಸಿನ ದೃಢೀಕರಿಸಿದ ಒಟ್ಟು ತೂಕ) ಇಲ್ಲದ ಬಾಕ್ಸ್ ಹಡಗಿಗೆ ಹತ್ತಲ್ಲ. ಕಾಫಿ, ಗೋಣಿ, ಪೇಪರ್, ಜೊತೆಗೆ ಬಾಗಿಲ ಮೇಲೆ ಬರೆದಿರೋ ಟೇರ್ (ಖಾಲಿ ಬಾಕ್ಸಿನ ತೂಕ), ಎಲ್ಲಾ ಕೂಡಿ. ಟೇರ್ ಸುಮಾರು 2,200 ಕೆಜಿ ಇರುತ್ತೆ, ಆದ್ರೆ ಅಂದಾಜಲ್ಲಿ ಬರೀಬೇಡಿ, ಬಾಕ್ಸಿಂದ ಬಾಕ್ಸಿಗೆ ಬೇರೆ. ಬಾಕ್ಸ್ ನಂಬರಲ್ಲಿ ನಾಲ್ಕು ಅಕ್ಷರ, ಏಳು ಅಂಕಿ. ಚೌಕದೊಳಗಿರೋ ಕೊನೇ ಅಂಕಿ ಬಿಟ್ರೆ ಗೇಟಲ್ಲೇ ನಿಲ್ಲಿಸ್ತಾರೆ. ಬಾಟಲ್ ಸೀಲ್ (ಕತ್ತರಿಸಿಯೇ ತೆಗೆಯೋ ಬೋಲ್ಟ್ ಬೀಗ) ಬಲಗಡೆ ಬಾಗಿಲಿಗೇ ಹಾಕಿ, ಎಡ ಬಾಗಿಲನ್ನ ಒತ್ತಿ ಹಿಡಿಯೋದು ಅದೇ.