ಅಪ್‌ಡೇಟ್: ಮುರಿದ ಹಲ್ಲು ಉಳಿಯಿತು

ಮಗ ಬಿದ್ದು ಮೇಲಿನ ಮುಂದಿನ ಹಲ್ಲು ಒಸಡಿನ ಒಳಗಿನವರೆಗೂ ಮುರಿದಿದೆ, ಕೀಳಿಸಿ ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಬೇರು) ಹಾಕಿಸಬೇಕಾ ಅಂತ ಕೇಳಿದ್ದೆ. ಕೀಳಿಸಲಿಲ್ಲ! ಎಕ್ಸ್‌ರೇಯಲ್ಲಿ ಬೇರು ಉದ್ದವಾಗಿ, ಬಿರುಕಿಲ್ಲದೆ ಇತ್ತು. ಮೊದಲು ರೂಟ್ ಕೆನಾಲ್ (ಬೇರಿನ ಒಳಭಾಗ ಸ್ವಚ್ಛಗೊಳಿಸಿ ತುಂಬುವುದು) ಆಯಿತು. ಆಮೇಲೆ ತಂತಿ ಕಟ್ಟಿ ಬೇರನ್ನು ನಿಧಾನವಾಗಿ ಕೆಳಗೆ ಎಳೆದರು. ಕ್ರೌನ್ (ಹಲ್ಲಿನ ಮೇಲೆ ಹಾಕುವ ಕ್ಯಾಪ್) ಬಿಗಿಯಾಗಿ ಕೂರಲು ಒಸಡಿನ ಹೊರಗೆ ಸುತ್ತಲೂ ಸುಮಾರು 2 ಮಿ.ಮೀ. ಎತ್ತರ ಗಟ್ಟಿ ಹಲ್ಲು ಸಿಗಬೇಕು, ಅದಕ್ಕೇ ಈ ಎಳೆತ. ಈಗ ಪೋಸ್ಟ್ (ಕ್ರೌನ್‌ಗೆ ಆಧಾರವಾಗಿ ಬೇರಿನೊಳಗೆ ಕೂರಿಸುವ ಕಡ್ಡಿ), ಕ್ರೌನ್ ಎರಡೂ ಆಗಿವೆ.

ಅವನಿಗಿನ್ನೂ 13 ವರ್ಷ. ದವಡೆ ಬೆಳೆಯುವಾಗ ಇಂಪ್ಲಾಂಟ್ ಹಾಕಿದರೆ ಪಕ್ಕದ ಹಲ್ಲುಗಳು ಇಳಿಯುತ್ತಾ ಹೋಗುತ್ತವೆ, ಅದು ಮಾತ್ರ ಅಲ್ಲೇ ನಿಲ್ಲುತ್ತದೆ. ಬೇರು ಉದ್ದಕ್ಕೆ ಸೀಳಿದ್ದರೆ ಕೀಳಲೇಬೇಕಿತ್ತು ಅಂದರು ಡಾಕ್ಟರ್. ಹಾಗಾಗಿ ಕೀಳಿಸಲು ಒಪ್ಪುವ ಮುಂಚೆ ಬೇರು ಹೇಗಿದೆ ಅಂತ ದಯವಿಟ್ಟು ಕೇಳಿ. ಇನ್ನು ಆಗಾಗ ಎಕ್ಸ್‌ರೇ ತೆಗೆಸಿ ನೋಡುತ್ತಿರಬೇಕು, ಅಷ್ಟೇ.