ಫುಟ್‌ಬಾಲ್‌ನ ‘ಡೌನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್‌ನ ಮೊದಮೊದಲ ಕೋಚ್‌ಗಳಲ್ಲಿ ಒಬ್ರಾದ ವಾಲ್ಟರ್ ಕ್ಯಾಂಪ್ ಬಗ್ಗೆ ಒಂದು ಲೇಖನ ಬರೀತಿದೀನಿ. ಹುಟ್ಟಿದ್ದು 1859, ಕನೆಕ್ಟಿಕಟ್‌ನ ನ್ಯೂ ಬ್ರಿಟನ್, ತೀರ್ಕೊಂಡಿದ್ದು 1925ರಲ್ಲಿ ನ್ಯೂಯಾರ್ಕಲ್ಲಿ, ಅದೂ ಆಟದ ನಿಯಮಗಳ ಸಮಿತಿ ಮೀಟಿಂಗಿಗೆ ಅಂತ ಹೋದಾಗ. ಅದೆಲ್ಲ ಸಲೀಸಾಗಿ ಬರೆದೆ, ಆಟದ ಪದಗಳ ಹತ್ರ ಬಂದು ಸಿಕ್ಕಾಕ್ಕೊಂಡಿದೀನಿ. ‘ಕಾಲ್ಚೆಂಡು’ ಅಂದ್ರೆ ಎಲ್ರೂ ಸಾಕರ್ ಅಂದ್ಕೋತಾರೆ, ಇಲ್ಲಿ ಚೆಂಡನ್ನ ಕಂಕುಳಲ್ಲಿ ಅವುಚ್ಕೊಂಡು ಓಡೋದೇ ಜಾಸ್ತಿ, ಅದಕ್ಕೆ ಫುಟ್‌ಬಾಲ್ ಅಂತಲೇ ಬಿಟ್ಟೆ.

ತಲೆ ತಿಂತಿರೋದು ‘ಡೌನ್’, ಅಂದ್ರೆ ಚೆಂಡಿರೋ ತಂಡ ಮುಂದೆ ನುಗ್ಗೋಕೆ ನೋಡೋ ಒಂದೊಂದು ಸಲ; ಚೆಂಡು ಹಿಡಿದೋನು ಸಿಕ್ಕಿಬಿದ್ರೆ ಆ ಸಲ ಮುಗೀತು. ಕ್ಯಾಂಪ್ 1876ರಲ್ಲಿ ಯೇಲ್ ಕಾಲೇಜು ಸೇರಿದಾಗ ಅಲ್ಲಿ ಆಡ್ತಿದ್ದಿದ್ದು ಹೆಚ್ಚುಕಮ್ಮಿ ರಗ್ಬಿನೇ. 1880ರಲ್ಲಿ ಇವರು ಪಟ್ಟು ಹಿಡಿದು ತಂಡಕ್ಕೆ 15ರ ಬದಲು 11 ಜನ ಅಂತ ಮಾಡಿಸಿದ್ರು, ಚೆಂಡು ಒಂದೇ ತಂಡದ ಹತ್ರ ಇರ್ಬೇಕು, ಎರಡು ತಂಡಾನೂ ಗೆರೆಯ ಆಚೆ ಈಚೆ ನಿಂತು ಶುರು ಮಾಡ್ಬೇಕು ಅಂತಾನೂ ಆಯ್ತು. ಆದ್ರೆ ಇಷ್ಟು ಹೊತ್ತಿಗೆ ಚೆಂಡು ಬಿಟ್ಕೊಡಿ ಅಂತ ಎಲ್ಲೂ ಬರೆದಿರ್ಲಿಲ್ಲ ನೋಡಿ, 1881ರ ಮ್ಯಾಚಲ್ಲಿ ಯೇಲ್‌ನ ಎದುರಾಳಿ ಪ್ರಿನ್ಸ್‌ಟನ್ ಕಾಲೇಜಿನೋರು ಮೊದಲರ್ಧ ಪೂರ್ತಿ ಚೆಂಡು ಬಿಡ್ಲೇ ಇಲ್ಲ, ಎರಡನೇ ಅರ್ಧ ಯೇಲ್‌ನೋರೂ ಹಾಗೇ ಮಾಡಿದ್ರು, 0-0. ನೋಡೋಕೆ ಬಂದೋರ ಪಾಡು ಕೇಳ್ಬೇಡಿ. ಮರುವರ್ಷ ಹೊಸ ನಿಯಮ: ಮೂರು ಡೌನ್ ಒಳಗೆ 5 ಗಜ ಮುಂದೆ ಹೋಗಿ, ಇಲ್ಲಾ 10 ಗಜ ಹಿಂದೆ ಹೋಗಿ (ಹಿಂದೆ ಹೋದ್ರೂ ಚೆಂಡು ಉಳೀತಿತ್ತು!), ಎರಡೂ ಆಗ್ಲಿಲ್ವಾ, ಚೆಂಡು ಎದುರಾಳಿಗೆ.

ಇದಕ್ಕೆ ‘ಸರದಿ’ ಅನ್ನೋಕಾಗಲ್ಲ, ಸರದಿ ಅಂದ್ರೆ ಒಬ್ರಾದ್ಮೇಲೆ ಇನ್ನೊಬ್ರು, ಇಲ್ಲಿ ಅದೇ ತಂಡ ಮತ್ತೆ ಮತ್ತೆ ಆಡುತ್ತೆ. ‘ಪಾಳಿ’ ಅಂದ್ರೆ ಫ್ಯಾಕ್ಟರಿ ನೆನಪಾಗುತ್ತೆ. ‘ಯತ್ನ’ ಪರವಾಗಿಲ್ಲ, “ಮೂರು ಯತ್ನದಲ್ಲಿ 5 ಗಜ” ಅಂತ ಓದೋಕೂ ಸರಿಹೋಗುತ್ತೆ, ಆದ್ರೆ ಹಳೇ ರಗ್ಬಿ ನಿಯಮದ ಪ್ರಕಾರ ಹಿಡಿಸ್ಕೊಂಡ ಆಟಗಾರ “ಡೌನ್” ಅಂತ ಕೂಗಿ ಚೆಂಡು ಕೆಳಗಿಡ್ಬೇಕಿತ್ತು, ಆ ಕೂಗು ಯತ್ನದಲ್ಲಿ ಬರಲ್ಲ. ಬೆಂಗಳೂರಲ್ಲಿ ನಾವು ಬೀದೀಲಿ ಆಡೋವಾಗ “ಜೂಟ್” ಅಂತ ಕೂಗಿ ಆಟ ನಿಲ್ಲಿಸ್ತಿದ್ವಲ್ಲ, ಆ ಜಾತಿ ಪದ ಬೇಕು ನಂಗೆ.

ಇನ್ನೊಂದು, ‘ಕೋಚ್’. 1888ರಿಂದ 92ರವರೆಗೆ ಯೇಲ್‌ಗೆ ಇವರು ಕೋಚ್, 67 ಗೆಲುವು, 2 ಸೋಲು. ಆದ್ರೆ ಹಗಲೆಲ್ಲ ನ್ಯೂ ಹೇವನ್‌ನ ಗಡಿಯಾರ ಕಂಪನೀಲಿ ಕೆಲಸ, ಪ್ರಾಕ್ಟೀಸಿಗೆ ಹೋಗೋಕೆ ಎಲ್ಲಿ ಪುರುಸೊತ್ತು? ಹೆಂಡತಿ ಆಲಿಸ್ ಮೈದಾನಕ್ಕೆ ಹೋಗಿ, ಯಾರು ಹೇಗಾಡಿದ್ರು ಅಂತ ನೋಡ್ಕೊಂಡು ಬಂದು ಹೇಳೋರು. ‘ತರಬೇತುದಾರ’ ಅಂದ್ರೆ ಯಾವ್ದೋ ಇಲಾಖೆ ಹುದ್ದೆ ಥರ ಕೇಳ್ಸುತ್ತೆ. ಗರಡಿಮನೆ ‘ಉಸ್ತಾದ್’ ನಂಗಿಷ್ಟ, ಆದ್ರೆ ಉಸ್ತಾದರು ಮಣ್ಣಿಗಿಳಿದು ಪಟ್ಟು ಹೇಳ್ಕೊಡೋರು, ಕ್ಯಾಂಪ್‌ಗಿಂತ ಆಲಿಸ್‌ಗೇ ಆ ಪದ ಒಪ್ಪುತ್ತೇನೋ.

ತಂಡಗಳು ಎದುರುಬದುರು ನಿಲ್ಲೋ ಗೆರೆಗೆ ಸದ್ಯಕ್ಕೆ ‘ಸೆಣಸುಗೆರೆ’ ಅಂತ ಹಾಕಿದೀನಿ, ತೀರಾ ಕೃತಕ ಅನ್ಸಿದ್ರೆ ಮುಲಾಜಿಲ್ದೆ ಹೇಳಿ. ಡೌನ್‌ಗೆ ಮಾತ್ರ ಹುಬ್ಳಿ ಕಡೆಯೋರು, ಕರಾವಳಿಯೋರು ನಿಮ್ಮೂರ ಮಕ್ಕಳ ಆಟದಲ್ಲಿ ಸಿಕ್ಕಿಬಿದ್ದಾಗ ಏನಂತ ಕೂಗ್ತಿದ್ರಿ ಅಂತ ಸ್ವಲ್ಪ ತಿಳಿಸ್ತೀರಾ?